60 ಗಂಟೆಯ ಕ್ರೆಡಿಟ್, 90 ದಿನದ ಹಾಜರಿ

ಪುಣೆಯ ಕನ್ನಡ ಮನೆಗಳಲ್ಲಿ ಇತ್ತೀಚೆಗೆ ಒಂದು ಹೊಸ ಗೊಣಗಾಟ ಶುರುವಾಗಿದೆ. ಬಿ.ಕಾಂ ಓದುವ ಮಗಳು ಶನಿವಾರ ಬಂತೆಂದರೆ ಫೈಲ್ ಕಂಕುಳಲ್ಲಿಟ್ಟುಕೊಂಡು ಯಾವುದೋ ಬಸ್ತಿಗೋ (ಕೊಳೆಗೇರಿಗೋ) ಕಟ್ಟಡ ಕಾರ್ಮಿಕರ ಶೆಡ್ಡಿಗೋ ಹೊರಡುತ್ತಾಳೆ. ಅಲ್ಲೇನು ಕೆಲಸ ಎಂದರೆ ‘ಸಿಇಪಿ’ ಎನ್ನುತ್ತಾಳೆ. ಅದು ಪರೀಕ್ಷೆಯ ಹೆಸರೋ ಕಂಪನಿಯ ಹೆಸರೋ ಅಪ್ಪನಿಗೆ ತಿಳಿಯುವುದಿಲ್ಲ. ಟ್ಯಾಲಿ ಕಲಿಯುವ ವಯಸ್ಸಿನಲ್ಲಿ ಇದೆಲ್ಲ ಯಾತಕ್ಕೆ ಎಂದು ಅವರು ಕೇಳುವುದರಲ್ಲಿ ತಪ್ಪಿಲ್ಲ. ಕಾಲೇಜುಗಳು ಇದನ್ನು ತಂದೆತಾಯಿಗೆ ಸರಿಯಾಗಿ ವಿವರಿಸಿಯೇ ಇಲ್ಲ. ಎಷ್ಟೋ ಕಡೆ ಮೇಷ್ಟರಿಗೂ ವಿವರಿಸಿಲ್ಲ.

ಸಿಇಪಿ ಎಂದರೆ ಕಮ್ಯುನಿಟಿ ಎಂಗೇಜ್‌ಮೆಂಟ್ ಪ್ರೋಗ್ರಾಂ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮಹಾರಾಷ್ಟ್ರ ಸರ್ಕಾರ 2023–24ರಲ್ಲಿ ಸ್ವಾಯತ್ತ ಕಾಲೇಜುಗಳಿಗೂ ಮರುವರ್ಷದಿಂದ ಉಳಿದ ಕಾಲೇಜುಗಳಿಗೂ ತಂದಾಗ ಪದವಿಯ ಪಠ್ಯಕ್ರಮದೊಳಗೆ ಕೆಲವು ಹೊಸ ಬಾಬತ್ತುಗಳು ಸೇರಿದವು: ಉದ್ಯೋಗಸ್ಥಳದ ತರಬೇತಿ, ಕ್ಷೇತ್ರ ಯೋಜನೆ, ಸಂಶೋಧನಾ ಯೋಜನೆ, ಜೊತೆಗೆ ಈ ಸಿಇಪಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಲೆಕ್ಕದಲ್ಲಿ ತರಗತಿಯ ಪಾಠ ವಾರಕ್ಕೊಂದು ಗಂಟೆಯಂತೆ 15 ವಾರ ನಡೆದರೆ ಒಂದು ಕ್ರೆಡಿಟ್, ಅಂದರೆ ಪದವಿಗೆ ಎಣಿಸುವ ಕಲಿಕೆಯ ಒಂದು ಅಳತೆ. ಕ್ಷೇತ್ರಕೆಲಸವಾದರೆ ವಾರಕ್ಕೆ ಎರಡು ಗಂಟೆ, ಅಂದರೆ ಸೆಮಿಸ್ಟರಿಗೆ 30 ಗಂಟೆ ದುಡಿದರೆ ಒಂದು ಕ್ರೆಡಿಟ್. ಸಾಮಾನ್ಯವಾಗಿ ಇದಕ್ಕೆ ಎರಡು ಕ್ರೆಡಿಟ್ ಇಟ್ಟಿರುತ್ತಾರೆ, ಅಲ್ಲಿಗೆ 60 ಗಂಟೆ. ಹೋದ ದಿನ, ಹೋದ ಜಾಗ, ಕಳೆದ ಗಂಟೆ ಎಲ್ಲವನ್ನೂ ಲಾಗ್‌ಶೀಟಿನಲ್ಲಿ ತುಂಬಿ, ಹೋದ ಕಡೆಯ ಒಬ್ಬ ಜವಾಬ್ದಾರರಿಂದ ಸಹಿ ಹಾಕಿಸಿಕೊಂಡು ಬಂದರೆ ಅಂಕ. ಈ ಸಹಿಯ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಲೇಜು ಹುಡುಗರನ್ನು ಜನರ ನಡುವೆ ಕಳಿಸುವುದು ಹೊಸದೇನಲ್ಲ. ಗಾಂಧೀಜಿ ಜನ್ಮಶತಾಬ್ದಿಯ ಹೊತ್ತಿಗೆ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳಿಂದ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶುರುವಾಯಿತು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಒಂದು ಏಳು ದಿನದ ಶಿಬಿರ. ಮುಂಬೈ ವಿಶ್ವವಿದ್ಯಾಲಯದಲ್ಲಿ ಇದಕ್ಕೆ 10 ಅಂಕಗಳ ಆಸೆಯೂ ಇತ್ತು. ಶಿಬಿರಕ್ಕೆ ಹೋಗಿಬಂದವರು ಐವತ್ತರ ವಯಸ್ಸಿನಲ್ಲೂ ಆ ಊರಿನ ಹೆಸರು, ಬೆಳಗಿನ ಪೋಹೆಯ ರುಚಿ ನೆನಪಿಟ್ಟುಕೊಂಡಿರುತ್ತಾರೆ. ಅದಕ್ಕೂ ಬೆಲೆಯಿದೆ. ಆದರೆ ರಸಾಯನಶಾಸ್ತ್ರ ಓದುವವನೂ ಇತಿಹಾಸ ಓದುವವಳೂ ಅಲ್ಲಿ ಮಾಡಿದ್ದು ಒಂದೇ ಕೆಲಸ: ಗಿಡ ನೆಟ್ಟರು, ಬೀದಿ ಗುಡಿಸಿದರು, ರಕ್ತದಾನಕ್ಕೆ ಜನ ಸೇರಿಸಿದರು. ತರಗತಿಯಲ್ಲಿ ಕಲಿತದ್ದು ಆ ಕೆಲಸಕ್ಕೆ ಬೇಕಾಗಲಿಲ್ಲ, ಮಾಡಿದ ಕೆಲಸ ತರಗತಿಗೆ ವಾಪಸು ಬರಲಿಲ್ಲ. ಈಗ ಕ್ರೆಡಿಟ್ ಕೊಟ್ಟು ಪಠ್ಯದೊಳಗೆ ತಂದಿರುವುದರಿಂದ ಓದಿದ ವಿಷಯವೂ ವಿದ್ಯಾರ್ಥಿಯ ಜೊತೆ ಬಸ್ ಹತ್ತಬೇಕು ಎಂಬ ನಿರೀಕ್ಷೆ ಇದೆ.

ಅನುಭವವೇ ಗುರು ಎನ್ನುವ ಮಾತು ಇಲ್ಲಿ ಸಾಲದು. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ಇದನ್ನು ನಾಲ್ಕು ಹಂತಗಳ ಸುತ್ತಾಗಿ ವಿವರಿಸಿದ. ಮೊದಲು ಒಂದು ಅನುಭವ. ಆಮೇಲೆ ಕೂತು ಅದನ್ನು ಹಿಂತಿರುಗಿ ನೋಡುವುದು. ಅದರಿಂದ ಹೀಗಿರಬಹುದು ಎಂಬ ಒಂದು ತಿಳಿವಳಿಕೆ ಕಟ್ಟಿಕೊಳ್ಳುವುದು. ಆ ತಿಳಿವಳಿಕೆ ನಿಜವೋ ಎಂದು ಮತ್ತೆ ಹೋಗಿ ಪರೀಕ್ಷಿಸುವುದು. ನಮ್ಮ ಕಾಲೇಜುಗಳು ಮೊದಲನೆಯದನ್ನು ಮಾಡಿಸಿ, ನೇರವಾಗಿ ಸ್ಪೈರಲ್ ಬೈಂಡಿಂಗ್‌ಗೆ ಹೋಗುತ್ತವೆ. ನಡುವಿನ ಎರಡು ಹಂತಕ್ಕೆ ವೇಳಾಪಟ್ಟಿಯಲ್ಲಿ ಪೀರಿಯಡ್ ಇರುವುದಿಲ್ಲ, ನಾಲ್ಕನೆಯದಕ್ಕೆ ಸೆಮಿಸ್ಟರ್ ಉಳಿದಿರುವುದಿಲ್ಲ.

ಇದನ್ನು ಬಹುಕಾಲದಿಂದ ಗಂಭೀರವಾಗಿ ಮಾಡುತ್ತ ಬಂದದ್ದು ಮುಂಬೈ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ ಹುಟ್ಟಿದ್ದು ಅದು. ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅದಕ್ಕೂ ಮುಂಚೆ ನಾಗಪಾಡಾದ ಬಡಾವಣೆಯಲ್ಲಿ ನೆರೆಹೊರೆಯ ಕೇಂದ್ರವೊಂದನ್ನು ನಡೆಸುತ್ತಿದ್ದವರು. ಅಲ್ಲಿನ ಸಮಾಜಕಾರ್ಯದ ವಿದ್ಯಾರ್ಥಿಗೆ ವಾರದಲ್ಲಿ ಎರಡು ದಿನ ಫೀಲ್ಡು. ಬಂದ ಮೇಲೆ ಬರೆಯಬೇಕು: ಏನು ನೋಡಿದೆ, ಯಾರು ಏನೆಂದರು, ನನಗೇಕೆ ಹಾಗನ್ನಿಸಿತು. ಆ ಬರಹ ಹಿಡಿದು ಮೇಲ್ವಿಚಾರಕರ ಮುಂದೆ ಕೂರಬೇಕು. ‘ಆ ಹೆಂಗಸು ಸುಮ್ಮನಾದಳು ಅಂತ ಬರೆದಿದ್ದೀಯಲ್ಲ, ನೀನು ಅದಕ್ಕೆ ಮುಂಚೆ ಏನು ಕೇಳಿದ್ದೆ?’ ಎಂಬಂಥ ಪ್ರಶ್ನೆ ಬರುತ್ತದೆ. ಕಲಿಕೆ ಆಗುವುದು ಆ ಪ್ರಶ್ನೆಗೆ ಉತ್ತರ ಹುಡುಕುವಾಗ.

ಪತ್ರಾ ಶೆಡ್ಡಿನಲ್ಲಿ ಲೆಕ್ಕಶಾಸ್ತ್ರ

ಮಾತನ್ನು ನೆಲಕ್ಕಿಳಿಸಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಿ.ಕಾಂ ಎರಡನೇ ವರ್ಷದ ಹುಡುಗಿ, ಮನೆಮಾತು ಕನ್ನಡ, ಮನೆ ಪಿಂಪ್ರಿ ಚಿಂಚ್ವಡ ಕಡೆ. ಹತ್ತಿರದಲ್ಲೇ ಏಳುತ್ತಿರುವ ವಸತಿ ಸಮುಚ್ಚಯದ ಹಿಂದೆ ಪತ್ರಾ, ಅಂದರೆ ತಗಡಿನ ಶೆಡ್ಡುಗಳ ಸಾಲು. ಅಲ್ಲಿರುವವರಲ್ಲಿ ಬಹಳ ಜನ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು. ಗಂಡ ಗೌಂಡಿ, ಹೆಂಡತಿ ಬಿಗಾರಿ, ಅಂದರೆ ಕೂಲಿಯಾಳು. ಹುಡುಗಿ ತರಗತಿಯಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಓದಿದ್ದಾಳೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯೂ ಗೊತ್ತು. 2020ರ ಜನವರಿ 1ರಿಂದಲೇ ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ ಅದರಲ್ಲಿವೆ. ವಿಜಯಪುರದ ಕಾರ್ಡಿನವರು ಪುಣೆಯ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ತಮ್ಮ ಪಾಲಿನ ತಲಾ 5 ಕೆ.ಜಿ. ಧಾನ್ಯ ಎತ್ತಬಹುದು. ಆಕೆಯ ಯೋಜನೆ ತಯಾರಾಗುತ್ತದೆ: ‘ವಲಸೆ ಕಾರ್ಮಿಕರಲ್ಲಿ ಆಹಾರ ಭದ್ರತೆಯ ಜಾಗೃತಿ’. ಪೋಸ್ಟರ್ ಸಹ ಪ್ರಿಂಟಾಗುತ್ತದೆ.

ಹೋಗಿ ಹೇಳಿದರೆ ಒಬ್ಬಾಕೆ ರೊಟ್ಟಿ ತಟ್ಟುತ್ತಲೇ ಉತ್ತರಿಸುತ್ತಾಳೆ. ‘ಗೊತ್ತೈತಿ ಬಿಡವ್ವ. ರೇಷನ್ ಊರಾಗ ನಮ್ಮತ್ತಿ ಎತ್ತತಾಳ. ಇಲ್ಲಿ ನಾವು ತಗೊಂಡ್ರ ಅಲ್ಲಿ ಮಕ್ಳು ಏನ್ ತಿನಬೇಕು?’

ಅಲ್ಲಿಗೆ ಜಾಗೃತಿ ಕಾರ್ಯಕ್ರಮ ಮುಗಿದಂತೆ. ಐದು ಜನರ ಕಾರ್ಡಿಗೆ 25 ಕೆ.ಜಿ. ಇಬ್ಬರು ಇಲ್ಲಿ 10 ಎತ್ತಿದರೆ ಊರಿನಲ್ಲಿ 15 ಉಳಿಯುತ್ತದೆ. ಹೀಗೆ ಪಾಲು ಮಾಡಿ ಎತ್ತಲು ವ್ಯವಸ್ಥೆಯಲ್ಲಿ ಅವಕಾಶವಿದೆ, ಆದರೆ ಒಟ್ಟು ಹೆಚ್ಚಾಗುವುದಿಲ್ಲ. ಕರ್ನಾಟಕ ಸರ್ಕಾರ ಅನ್ನಭಾಗ್ಯದಲ್ಲಿ ತನ್ನ ಕಡೆಯಿಂದ ಸೇರಿಸಿ ಕೊಡುವುದಂತೂ ಗಡಿ ದಾಟಿ ಬರುವುದಿಲ್ಲ. ಇವರು ಇಲ್ಲಿ ರೇಷನ್ ಎತ್ತದಿರುವುದಕ್ಕೆ ಕಾರಣ ಅಜ್ಞಾನ ಅಲ್ಲವೇ ಅಲ್ಲ. ಅದು ಅತ್ತೆ ಸೊಸೆ ಕೂತು ಹಾಕಿದ ಲೆಕ್ಕ, ಅದೂ ಸರಿಯಾದ ಲೆಕ್ಕ.

ಇಲ್ಲಿ ಬಹಳ ವಿದ್ಯಾರ್ಥಿಗಳು ಮಾಡುವುದೇನೆಂದರೆ, ಪೋಸ್ಟರ್ ಹಿಡಿದು ಫೋಟೊ ತೆಗೆಸಿಕೊಂಡು, ವರದಿಯಲ್ಲಿ ‘50 ಮಂದಿಗೆ ಜಾಗೃತಿ ಮೂಡಿಸಲಾಯಿತು’ ಎಂದು ಬರೆದು ಮುಗಿಸುವುದು. ನಮ್ಮ ಹುಡುಗಿ ಹಾಗೆ ಮಾಡದೆ ಇನ್ನೊಂದು ಶನಿವಾರ ಹೋಗಿ ಸುಮ್ಮನೆ ಕೂರುತ್ತಾಳೆ ಎಂದಿಟ್ಟುಕೊಳ್ಳಿ. ಆಗ ಬೇರೆ ಮಾತು ಹೊರಡುತ್ತದೆ. ‘ಕಾಮಗಾರ್ ಕಾರ್ಡ್ ಮಾಡ್ಸಾಕ ಹೋಗಿದ್ವಿ. ತೊಂಬತ್ತು ದಿನದ್ದು ಸಹಿ ತಗೊಂಬಾ ಅಂದ್ರು. ಯಾರ ಹಾಕ್ತಾರ ಸಹಿ?’

ಇದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ. 1996ರ ಕಾಯ್ದೆಯಿಂದ ಬಂದ ವ್ಯವಸ್ಥೆ, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕಟ್ಟಡ ಕಟ್ಟುವವರಿಂದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಾಗಿ ಮಂಡಳಿಗೆ ಹೋಗುತ್ತದೆ. ಅದರಿಂದ ನೋಂದಾಯಿತ ಕಾರ್ಮಿಕರಿಗೆ ಮಕ್ಕಳ ಓದು, ಹೆರಿಗೆ, ಅಪಘಾತ ಮುಂತಾದವಕ್ಕೆ ನೆರವು. ನೋಂದಣಿಗೆ ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ 90 ದಿನಕ್ಕೆ ಗುತ್ತಿಗೆದಾರ ಅಥವಾ ಸ್ಥಳೀಯ ಸಂಸ್ಥೆಯ ಅಧಿಕಾರಿ ಪ್ರಮಾಣಪತ್ರ ಕೊಡಬೇಕು. ಒಂದೇ ಸೈಟಿನಲ್ಲಿ ವರ್ಷವಿಡೀ ಇರುವವರಿಗೆ ಇದು ಸಾಧ್ಯ. ಬೆಳಿಗ್ಗೆ ಲೇಬರ್ ಅಡ್ಡಾದಲ್ಲಿ ನಿಂತು ಯಾರು ಕರೆದರೆ ಅವರ ಜೊತೆ ಹೋಗುವವರಿಗೆ ಇವತ್ತೊಬ್ಬ ಮುಕಾದಮ (ಆಳುಗಳ ಮೇಸ್ತ್ರಿ), ನಾಳೆ ಇನ್ನೊಬ್ಬ. ಮೂರು ದಿನ ಕೆಲಸ ಕೊಟ್ಟವನು 90 ದಿನಕ್ಕೆ ಸಹಿ ಹಾಕುವುದಿಲ್ಲ. ಹಾಕಬಾರದು ಕೂಡ.

ಹುಡುಗಿಯ ಫೈಲಿನಲ್ಲೂ ಇರುವುದು ಅದೇ ಅಲ್ಲವೇ? ಆಕೆಯ 60 ಗಂಟೆಗೆ ದಿನ, ಜಾಗ, ಸಹಿ ಇರುವ ಲಾಗ್‌ಶೀಟ್ ಇದೆ, ಕಾಲೇಜೇ ಅಚ್ಚು ಹಾಕಿಸಿ ಕೊಟ್ಟಿದೆ. ಸುಡುಬಿಸಿಲಲ್ಲಿ ಬುಟ್ಟಿ ಹೊತ್ತವಳ 90 ದಿನಕ್ಕೆ ಅಂಥದೊಂದು ಹಾಳೆಯಿಲ್ಲ. ಬಿ.ಕಾಂ ಓದಿದ್ದು ಕೆಲಸಕ್ಕೆ ಬರುವುದು ಇಲ್ಲಿ. ವೋಚರ್ ಇಲ್ಲದ ಖರ್ಚನ್ನು ಆಡಿಟರ್ ಒಪ್ಪುವುದಿಲ್ಲ ಎಂಬುದು ಮೊದಲ ವರ್ಷದ ಪಾಠ. ನಡೆದ ವ್ಯವಹಾರವನ್ನು ಅದೇ ದಿನ ಬರೆಯಬೇಕು, ಎದುರಿನವರಿಂದ ಒಪ್ಪಿಗೆ ಪಡೆಯಬೇಕು, ಪುಟಕ್ಕೆ ಸಂಖ್ಯೆ ಇರಬೇಕು. ಇದನ್ನೇ ಒಂದು ಅಂಗೈಯಗಲದ ನೋಟ್‌ಬುಕ್ಕಿಗೆ ಇಳಿಸಿದರೆ? ಪುಟಕ್ಕೆ ಆರು ಗೀಟು: ತಾರೀಖು, ಸೈಟು, ಮುಕಾದಮನ ಹೆಸರು, ಫೋನ್ ನಂಬರ್, ಪಗಾರ, ಸಹಿ. ತಲೆಬರಹ ಒಂದು ಸಾಲು ಕನ್ನಡದಲ್ಲಿ, ಒಂದು ಸಾಲು ಮರಾಠಿಯಲ್ಲಿ. ಕನ್ನಡ ಬರೆಯುವವರು ಓದಿ ತುಂಬಲಿ, ಮರಾಠಿ ಓದುವವನು ನೋಡಿ ಸಹಿ ಹಾಕಲಿ. ಸಹಿ ಹಾಕಲು ಒಲ್ಲದವನ ಫೋನ್ ನಂಬರ್ ಆದರೂ ಇರುತ್ತದೆ.

ಇದರಿಂದ ಎಲ್ಲರಿಗೂ ಕಾರ್ಡ್ ಆಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಇಂಥ ಪುಸ್ತಕ ಪ್ರಮಾಣಪತ್ರವಲ್ಲ, ಅಧಿಕಾರಿ ಬೇಡ ಅಂದರೆ ಬೇಡ. ಆದರೆ ‘ಕೆಲಸ ಮಾಡಿದ್ದೀನಿ ಸಾಹೇಬ್ರ’ ಎಂದು ಬರಿಗೈಯಲ್ಲಿ ನಿಲ್ಲುವುದಕ್ಕೂ ಮೂರು ತಿಂಗಳ ದಿನಚರಿ ಮೇಜಿನ ಮೇಲಿಟ್ಟು ಕೇಳುವುದಕ್ಕೂ ವ್ಯತ್ಯಾಸವಿದೆ. ಪಗಾರ ಮುಳುಗಿಸಿ ಓಡಿಹೋದ ಗುತ್ತಿಗೆದಾರನ ಮೇಲೆ ದೂರು ಕೊಡುವಾಗಲೂ ಅದೇ ಪುಸ್ತಕ ಸಾಕ್ಷಿ. ಈ ಉದಾಹರಣೆಯಲ್ಲಿ ಗಮನಿಸಬೇಕಾದದ್ದು ಪ್ರಶ್ನೆ ಬದಲಾದ ರೀತಿ. ವಿದ್ಯಾರ್ಥಿನಿ ತಂದಿದ್ದು ಆಹಾರದ ಪ್ರಶ್ನೆ, ಅಲ್ಲಿದ್ದದ್ದು ಹಾಜರಿಯ ಪ್ರಶ್ನೆ. ತಾನು ತಂದದ್ದನ್ನು ಕೆಳಗಿಟ್ಟು ಅಲ್ಲಿದ್ದದ್ದನ್ನು ಎತ್ತಿಕೊಳ್ಳುವ ಹೊತ್ತಿಗೆ 60ರಲ್ಲಿ 20 ಗಂಟೆ ಖರ್ಚಾಗಿರುತ್ತದೆ. ಆ 20 ಗಂಟೆಯನ್ನು ಸಮಯ ಹಾಳು ಎಂದು ಬಗೆಯುವ ಕಾಲೇಜಿನಿಂದ ಪೋಸ್ಟರುಗಳಷ್ಟೇ ಹೊರಬರುತ್ತವೆ.

ಯಾರ ಕೈಗೆ ಕೊಟ್ಟು ಹೋಗುವುದು

ಸೆಮಿಸ್ಟರ್ ಮುಗಿಯುತ್ತದೆ, ಹುಡುಗಿ ಮೂರನೇ ವರ್ಷಕ್ಕೆ ಹೋಗುತ್ತಾಳೆ, ಸಿ.ಎ. ಫೌಂಡೇಶನ್ ಕ್ಲಾಸ್ ಶುರುವಾಗುತ್ತದೆ. ನೋಟ್‌ಬುಕ್ಕು? ವಿದ್ಯಾರ್ಥಿಗಳ ಒಳ್ಳೆಯ ಕೆಲಸಗಳಲ್ಲಿ ಬಹುಪಾಲು ಸಾಯುವುದು ಈ ಹಂತದಲ್ಲಿ. ಉಳಿದುಕೊಂಡ ಕೆಲಸಗಳನ್ನು ನೋಡಿದರೆ ಪ್ರತಿಯೊಂದರ ಹಿಂದೆಯೂ ಕದಲದೆ ಕೂತ ಒಬ್ಬ ಅಧ್ಯಾಪಕರೋ ಒಂದು ಸಂಸ್ಥೆಯೋ ಇರುತ್ತದೆ.

ಪುಣೆಯವರಿಗೆ ಇದರ ದೊಡ್ಡ ಉದಾಹರಣೆ ದಿನಾ ಬೆಳಿಗ್ಗೆ ಬಾಗಿಲಿಗೇ ಬರುತ್ತದೆ. ಮನೆಮನೆಯಿಂದ ಕಸ ಒಯ್ಯುವ ‘ಸ್ವಚ್ಛ್’ ಸಹಕಾರ ಸಂಸ್ಥೆಯ ಬೇರು ಇರುವುದು ಒಂದು ವಿಶ್ವವಿದ್ಯಾಲಯದಲ್ಲಿ. ಧೋಂಡೋ ಕೇಶವ ಕರ್ವೆ 1916ರಲ್ಲಿ ಕಟ್ಟಿದ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಪುಣೆ ಕ್ಯಾಂಪಸ್ಸಿನಲ್ಲಿ ವಯಸ್ಕರ ಶಿಕ್ಷಣ ವಿಭಾಗ ಇತ್ತು. 1990ರ ಹೊತ್ತಿಗೆ ಅಲ್ಲಿದ್ದ ಪೂರ್ಣಿಮಾ ಚಿಕರಮನೆ, ಲಕ್ಷ್ಮೀ ನಾರಾಯಣ್ ಮೊದಲಾದವರು ಸಾಕ್ಷರತಾ ಕಾರ್ಯಕ್ರಮದ ಭಾಗವಾಗಿ ಚಿಂದಿ ಆಯುವ ಮಕ್ಕಳಿಗೆ ಅಕ್ಷರ ಕಲಿಸಲು ಹೋದರು. ಮಕ್ಕಳು, ಅವರ ತಾಯಂದಿರು ಬೆಳಗಿನ ಸುತ್ತಿಗೆ ಹೊರಟಾಗ ಇವರೂ ಹಿಂದೆ ನಡೆದರು. ತೊಟ್ಟಿಯೊಳಗೆ ಇಳಿದು ಕೊಳೆತದ್ದನ್ನು ಕೆದಕಿ ಕಾಗದ, ಗಾಜು ಹೆಕ್ಕುವ ಕೆಲಸ ನೋಡಿದ ಮೇಲೆ ಅಕ್ಷರಕ್ಕಿಂತ ಮುಂಚಿನ ಅಗತ್ಯ ಕಂಡಿತು: ಮನೆಯವರು ಒಣಕಸ ಬೇರೆ ಮಾಡಿ ಕೈಗೇ ಕೊಟ್ಟರೆ ತೊಟ್ಟಿಗಿಳಿಯುವುದು ತಪ್ಪುತ್ತದೆ, ಗಳಿಕೆಯೂ ಹೆಚ್ಚುತ್ತದೆ. ಆದರೆ ಗೇಟಿನೊಳಗೆ ಬಿಡುವವರಾರು? ವಿಶ್ವವಿದ್ಯಾಲಯದ ಹೆಸರಿನ ಗುರುತಿನ ಚೀಟಿ ಕೊಟ್ಟರು. 1993ರಲ್ಲಿ ಕಾರ್ಮಿಕ ಮುಖಂಡ ಬಾಬಾ ಆಢಾವ್ ಅವರ ಬೆಂಬಲದೊಂದಿಗೆ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಚಿಂದಿ ಆಯುವವರ ಸಂಘ ಹುಟ್ಟಿತು. ಮುಂದೆ ಪುಣೆ ಮಹಾನಗರಪಾಲಿಕೆ ಗುರುತಿನ ಚೀಟಿಗೆ ತನ್ನ ಮುದ್ರೆ ಒತ್ತಿತು, 2008ರಲ್ಲಿ ‘ಸ್ವಚ್ಛ್’ ಜೊತೆ ಒಪ್ಪಂದಕ್ಕೆ ಬಂತು.

ಇದನ್ನು ಶುರು ಮಾಡಿದವರು ವಿದ್ಯಾರ್ಥಿಗಳಲ್ಲ, ಪಾಠ ಹೇಳುವವರು ಎಂದು ಯಾರಾದರೂ ತಕರಾರು ತೆಗೆಯಬಹುದು. ನನಗೆ ಮುಖ್ಯ ಅನ್ನಿಸುವುದು ಅದೇ. ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ. ಉಳಿಯುವವರ ಹೆಸರಲ್ಲಿ ಕೆಲಸ ನಿಲ್ಲಬೇಕು. ಸಿಇಪಿಗೆ ವಿದ್ಯಾರ್ಥಿಯ ಗಂಟೆ ಎಣಿಸುವ ಕಾಲೇಜು, ಅಧ್ಯಾಪಕರು ಅದೇ ಬಸ್ತಿಗೆ ಎಷ್ಟು ವರ್ಷದಿಂದ ಹೋಗುತ್ತಿದ್ದಾರೆ ಎಂದೂ ಎಣಿಸಿದರೆ ಚೆನ್ನ. ಈಗಿನ ಸ್ಥಿತಿಯಲ್ಲಿ ಸಿಎಚ್‌ಬಿ ಆಧಾರದ ಮೇಲೆ, ಅಂದರೆ ಗಂಟೆಗಿಷ್ಟು ಎಂದು ಸಂಬಳ ಪಡೆಯುವ ಎಳೆಯ ಮೇಷ್ಟರ ತಲೆಗೆ ಇದನ್ನು ಕಟ್ಟುತ್ತಾರೆ. ಮುಂದಿನ ವರ್ಷ ಅವರೇ ಇರುತ್ತಾರೋ ಇಲ್ಲವೋ.

ದೇವನಾರದ ಸಂಸ್ಥೆಯಲ್ಲಿ ಇಂಥ ಕೆಲಸಗಳಿಗೆ ಕ್ಷೇತ್ರ ಕ್ರಿಯಾ ಯೋಜನೆ ಎಂಬ ಚೌಕಟ್ಟೇ ಇದೆ. ಮುಂಬೈ ಪೊಲೀಸ್ ಆಯುಕ್ತರ ಕಚೇರಿಯಲ್ಲಿ 1984ರಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಒಂದು ವಿಶೇಷ ಘಟಕ ತೆರೆಯಿತು. ಹೊಡೆತ ತಿಂದು ಠಾಣೆಗೆ ಬಂದ ಹೆಂಗಸಿನ ಜೊತೆ ಮಾತಾಡಲು ಪೊಲೀಸರ ನಡುವೆಯೇ ತರಬೇತಾದ ಸಮಾಜಕಾರ್ಯಕರ್ತೆ ಕೂರುವ ಏರ್ಪಾಡು. ಕ್ರಮೇಣ ರಾಜ್ಯ ಸರ್ಕಾರವೇ ಅದನ್ನು ಕೈಗೆತ್ತಿಕೊಂಡು ಜಿಲ್ಲೆಗಳಿಗೆ ವಿಸ್ತರಿಸಿತು. ಮಕ್ಕಳ ಸಹಾಯವಾಣಿ 1098 ಇನ್ನಷ್ಟು ಪ್ರಸಿದ್ಧ. ದೇವನಾರದಲ್ಲೇ ಕಲಿಸುತ್ತಿದ್ದ ಜೆರೂ ಬಿಲ್ಲಿಮೋರಿಯಾ ರೈಲ್ವೆ ಸ್ಟೇಷನ್ನು, ಬೀದಿಗಳಲ್ಲಿ ಬದುಕುವ ಮಕ್ಕಳ ಜೊತೆ ಒಡನಾಡಿ, 1996ರಲ್ಲಿ ಚೈಲ್ಡ್‌ಲೈನ್ ಶುರು ಮಾಡಿದರು. ದಸ್, ನೌ, ಆಠ್ ಎಂದು ಇಳಿಯುವ ಅಂಕಿ ಓದು ಬಾರದ ಮಗುವಿಗೂ ಬಾಯಿಪಾಠವಾಗುತ್ತದೆ. ದೇಶದ ತುಂಬ ಹರಡಿದ ಆ ಸೇವೆಯನ್ನು 2023ರಲ್ಲಿ ಸರ್ಕಾರ ತನ್ನ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳತೊಡಗಿತು. ಸರ್ಕಾರದ ಕೈಗೆ ಹೋದದ್ದು ಒಳ್ಳೆಯದಾಯಿತೇ ಎಂಬ ಚರ್ಚೆ ಬೇರೆ. ಒಬ್ಬ ಅಧ್ಯಾಪಕಿಯ ಕ್ಷೇತ್ರಕೆಲಸ ಸರ್ಕಾರವೇ ನಡೆಸುವ ಸೇವೆಯಾಗಲು ಸುಮಾರು ಮೂರು ದಶಕ ಹಿಡಿಯಿತು ಎಂಬುದನ್ನು 60 ಗಂಟೆಯಲ್ಲಿ ಬದಲಾವಣೆ ಬಯಸುವವರು ಗಮನಿಸಬೇಕು.

ಎಂಜಿನಿಯರಿಂಗ್‌ನವರು ಏನು ಮಾಡಬಹುದು? ಅಳೆಯಬಹುದು. ಪೊವೈನ ಐಐಟಿಯಲ್ಲಿ ಸಿತಾರಾ ಎಂದು ಕರೆಯುವ ಗ್ರಾಮೀಣ ತಂತ್ರಜ್ಞಾನ ಕೇಂದ್ರ 1985ರಿಂದ ಇದೆ. ಅಲ್ಲಿ ಎಂ.ಟೆಕ್ ಮಾಡುವವರಿಗೆ ವಾರಗಟ್ಟಲೆ ಹಳ್ಳಿಯಲ್ಲಿ ಉಳಿಯುವುದು ಪಠ್ಯದ ಭಾಗ. ರಾಯಗಡ ಜಿಲ್ಲೆಯ ಕರ್ಜತ್ ತಾಲ್ಲೂಕಿನಲ್ಲಿ ಮಳೆಗಾಲದ ಮಳೆ ನಮ್ಮ ಕರಾವಳಿಯದನ್ನು ನೆನಪಿಸುತ್ತದೆ, ಏಪ್ರಿಲ್ ಬಂದರೆ ಕೆಲವು ಹಳ್ಳಿಗಳಿಗೆ ಟ್ಯಾಂಕರ್ ಬರಬೇಕು. ಯಾವ ಬಾವಿ ಯಾವಾಗ ಬತ್ತುತ್ತದೆ, ಕೊಳವೆಯಲ್ಲಿ ನೀರು ತಂದರೆ ಎಷ್ಟು ಮನೆಗೆ ಎಷ್ಟು ಖರ್ಚು ಎಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ಉತ್ತರ ಕರ್ಜತ್‌ನ ಹಳ್ಳಿಗಳಿಗೆ ಯೋಜನೆಯ ಸಾಧ್ಯತಾ ವರದಿ ಮಾಡಿದರು. ನೀರಿಲ್ಲ ಎಂದು ಜನ ಹೇಳಿದರೆ ಅದು ದೂರು. ಇಂತಿಷ್ಟು ಲೀಟರ್, ಇಂತಿಷ್ಟು ರೂಪಾಯಿ ಎಂದರೆ ಜಿಲ್ಲಾ ಪರಿಷತ್ತಿನ ಎಂಜಿನಿಯರ್ ಪೆನ್ನು ತೆಗೆಯಲೇಬೇಕಾಗುತ್ತದೆ.

ಕಾನೂನು ಓದುವವರ ಮಿತಿಯೂ ಶಕ್ತಿಯೂ ಸ್ಪಷ್ಟವಾಗಿವೆ. ವಕೀಲರಾಗಿ ನೋಂದಾಯಿಸಿಕೊಳ್ಳುವವರೆಗೆ ಕೋರ್ಟಿನಲ್ಲಿ ವಾದಿಸುವಂತಿಲ್ಲ, ವಕಾಲತ್ತು ಹಾಕುವಂತಿಲ್ಲ. ಅರ್ಜಿ ಬರೆದುಕೊಡಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲವರೆಗೆ ಜೊತೆಗೆ ಹೋಗಬಹುದು. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಕೊಡುವ ಹೊಣೆ ಮೂಲ ಮಾಲೀಕನದು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿತ್ತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಬಿ.ಕಾಂ ಹುಡುಗಿಯ ನೋಟ್‌ಬುಕ್ಕನ್ನು ಯಾರ ಕೈಗೆ ಕೊಟ್ಟು ಹೋಗುವುದು ಎಂದರೆ, ಮೊದಲು ನೋಡಬೇಕಾದದ್ದು ಪಕ್ಕದ ಲಾ ಕಾಲೇಜಿನ ಕಾನೂನು ನೆರವು ಕೇಂದ್ರವನ್ನು.

ಕನ್ನಡ ಬಲ್ಲವರ ಪಾಲು

ಪುಣೆ, ಮುಂಬೈಯಂಥ ಊರುಗಳಲ್ಲಿ ಬೆಳೆದ ಕನ್ನಡದ ಹುಡುಗರಿಗೆ ತಮ್ಮ ಮನೆಮಾತು ಬಯೋಡೇಟಾದಲ್ಲಿ ಬರೆಯುವ ಒಂದು ಸಾಲು, ಅಷ್ಟೆ. ಕಾರ್ಮಿಕರ ಶೆಡ್ಡಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಮರಾಠಿ ಅರ್ಜಿ, ಹಿಂದಿ ಮಾತಾಡುವ ಗುತ್ತಿಗೆದಾರ, ಕನ್ನಡದ ರೇಷನ್ ಕಾರ್ಡು, ಇಂಗ್ಲಿಷಿನ ಬ್ಯಾಂಕ್ ಪಾಸ್‌ಬುಕ್ಕು. ಒಂದೇ ಹೆಸರು ನಾಲ್ಕು ಕಡೆ ನಾಲ್ಕು ತರಹ ಇರುತ್ತದೆ. ‘ಸಿದ್ದವ್ವ’ ಒಂದು ಕಡೆ ಸಿದ್ಧವಾ, ಇನ್ನೊಂದು ಕಡೆ ಸಿದಾಬಾಯಿ. ಅರ್ಜಿ ತಿರಸ್ಕಾರವಾದಾಗ ಏಕೆಂದು ಅವಳಿಗೆ ಯಾರೂ ಹೇಳುವುದಿಲ್ಲ. ಎಲ್ಲ ಕಾಗದ ನೆಲದ ಮೇಲೆ ಹರಡಿಕೊಂಡು, ಯಾವುದರಲ್ಲಿ ತಿದ್ದುಪಡಿ ಮಾಡಿಸಿದರೆ ಕೆಲಸ ಕಡಿಮೆ ಎಂದು ಕಂಡುಹಿಡಿಯಲು ಈ ಭಾಷೆಗಳನ್ನೆಲ್ಲ ಓದಬಲ್ಲವರು ಬೇಕು. ಪುಣೆಯ ಕನ್ನಡ ಮನೆಯ ಇಪ್ಪತ್ತರ ಹುಡುಗಿಗೆ ಇದು ನೀರು ಕುಡಿದಷ್ಟು ಸುಲಭ. ಆದರೆ ಅವಳಿಗೆ ಕನ್ನಡ ಓದಲು ಬರಬೇಕು. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ ಎನ್ನುವ ಮನೆಗಳೇ ಈಗ ಹೆಚ್ಚು. ಹಾಗಿದ್ದರೆ 60ರಲ್ಲಿ ಮೊದಲ ಹತ್ತು ಗಂಟೆ ಅಜ್ಜಿಯ ಮುಂದೆ ಕೂತು ಅಕ್ಷರ ಕಲಿಯುವುದಕ್ಕೇ ಹೋಗಲಿ. ಅದೂ ಕ್ಷೇತ್ರಕೆಲಸವೇ.

ಮುಂಬೈ ಕನ್ನಡಿಗರಿಗೆ ಇದರ ಪರಂಪರೆ ಇದೆ. ತುಳುನಾಡಿನಿಂದ ಬಂದು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿದ ಹುಡುಗರು ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಮೆಟ್ರಿಕ್ ಕಟ್ಟಿದರು. ಅಲ್ಲಿ ಪಾಠ ಹೇಳಿದವರಲ್ಲಿ ಎಷ್ಟೋ ಮಂದಿ ಹಗಲು ಬೇರೆ ಕಚೇರಿಗಳಲ್ಲಿ ದುಡಿದು ಬಂದವರು. ಯಾರೂ ಅವರಿಗೆ ಲಾಗ್‌ಶೀಟ್ ಕೊಟ್ಟಿರಲಿಲ್ಲ. ಈಗ ಹೋಟೆಲ್ ಮಾಣಿಗಳು ಆ ಸಂಖ್ಯೆಯಲ್ಲಿ ಬರುವುದಿಲ್ಲ, ರಾತ್ರಿಶಾಲೆಗಳೂ ಬಹುತೇಕ ಇಲ್ಲ. ಅವು ಮತ್ತೆ ಬರಬೇಕೆಂದು ಹಂಬಲಿಸುವುದರಲ್ಲಿ ಅರ್ಥವೂ ಇಲ್ಲ. ಮುಂಬೈ ಮಹಾನಗರಪಾಲಿಕೆ ಇವತ್ತಿಗೂ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲೊಂದು. ಅಲ್ಲಿ ಓದುವ ಮಗು ಮುಂದೆ ಬೇರೆ ಮಾಧ್ಯಮಕ್ಕೆ ದಾಟುವಾಗ ಗಣಿತದ, ವಿಜ್ಞಾನದ ಪದಗಳಲ್ಲಿ ಎಡವುತ್ತದೆ. ಬಿ.ಎಸ್ಸಿ ಓದುವ ಕನ್ನಡದ ವಿದ್ಯಾರ್ಥಿಗೆ ಅಲ್ಲಿ ಒಂದು ವರ್ಷದ ಕೆಲಸ ಕಾದಿದೆ.

ಗೋವಾದಲ್ಲಿ ಪ್ರಶ್ನೆಯೇ ಬೇರೆ. ವಾಸ್ಕೋದ ಬೈನಾ, ಝುವಾರಿನಗರದ ಕಡೆ ಉತ್ತರ ಕರ್ನಾಟಕದ ಕುಟುಂಬಗಳು ಎರಡು ಮೂರು ತಲೆಮಾರಿನಿಂದ ಇವೆ. ಅಲ್ಲಿನ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯಂಥ ರಾಜ್ಯದ ನೆರವಿಗೆ 15 ವರ್ಷ ಗೋವಾದಲ್ಲಿ ನೆಲೆಸಿರುವ ದಾಖಲೆ ಬೇಕು. ಪುಣೆಯ 90 ದಿನದ ಪುಸ್ತಕ ಅಲ್ಲಿ ಕೆಲಸಕ್ಕೆ ಬಾರದು. ಮಕ್ಕಳ ಶಾಲಾ ದಾಖಲೆ, ಹಳೆಯ ವಿದ್ಯುತ್ ಬಿಲ್ಲು, ಬಾಡಿಗೆ ಚೀಟಿ ಇವನ್ನು ವರ್ಷವಾರು ಜೋಡಿಸುವುದು ಅಲ್ಲಿನ ಕೆಲಸ, ಇತಿಹಾಸ ಓದುವವರಿಗೆ ಹೇಳಿ ಮಾಡಿಸಿದ್ದು. ಒಂದು ಕಡೆ ಫಲ ಕೊಟ್ಟ ಯೋಜನೆಯನ್ನು ಇನ್ನೊಂದು ಕಡೆ ಹಾಗೇ ಇಳಿಸಲು ಹೋಗುವವರಿಗೆ ಇಷ್ಟು ಹೇಳಿದರೆ ಸಾಕು.

ಮಾಡಬಾರದ್ದನ್ನೂ ಹೇಳಿಬಿಡಬೇಕು. ಆಧಾರ್ ಕಾರ್ಡಿನ ಫೋಟೊ ತೆಗೆದು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಮಕ್ಕಳ ಮುಖ ಇನ್‌ಸ್ಟಾಗ್ರಾಮಿಗೆ ಹೋಗಬಾರದು. ‘ಆಗೇ ಆಗುತ್ತೆ ಬಿಡ್ರಿ’ ಎಂದು ಮಾತು ಕೊಡಬಾರದು. ಒಂದು ದಿನದ ಕೂಲಿ ಬಿಟ್ಟು ನಿಮ್ಮ ಜೊತೆ ಕಚೇರಿಗೆ ಬಂದವರು ಬರಿಗೈಯಲ್ಲಿ ವಾಪಸಾದರೆ ಮುಂದಿನ ಬ್ಯಾಚಿನ ಹುಡುಗರಿಗೆ ಆ ಶೆಡ್ಡಿನ ಬಾಗಿಲು ತೆರೆಯುವುದಿಲ್ಲ.

ಅಂಕ ಕೊಡುವ ಮೇಷ್ಟರು ಸಾಮಾನ್ಯವಾಗಿ ನೋಡುವುದು ವರದಿಯ ಪುಟ, ಫೋಟೊ, ಸಹಿ. ಬದಲಿಗೆ ಎರಡು ಪ್ರಶ್ನೆ ಕೇಳಿದರೆ ಯಾರು ಹೋಗಿದ್ದರು, ಯಾರು ಹೋದಂತೆ ಬರೆದಿದ್ದಾರೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ನೀನು ಮೊದಲು ಅಂದುಕೊಂಡಿದ್ದರಲ್ಲಿ ಯಾವುದು ತಪ್ಪಾಗಿತ್ತು? ನೀನು ಬಿಟ್ಟು ಬಂದದ್ದು ಈಗ ಯಾರ ಹತ್ತಿರ ಇದೆ? ಮೊದಲನೆಯದಕ್ಕೆ ‘ಯಾವುದೂ ಇಲ್ಲ’ ಎಂಬ ಉತ್ತರ ಬಂದರೆ ಆ ವಿದ್ಯಾರ್ಥಿ ಪೋಸ್ಟರ್ ಅಂಟಿಸಿ ಬಂದಿದ್ದಾನೆ ಎಂದೇ ಅರ್ಥ.

ಕಡೆಯದಾಗಿ ಒಂದು ಕ್ಯಾಲೆಂಡರಿನ ತೊಡಕು. ಕಾಲೇಜುಗಳು ಜೂನ್, ಜುಲೈನಲ್ಲಿ ತೆರೆದು ಅದೇ ಸೆಮಿಸ್ಟರಿಗೆ ಸಿಇಪಿ ಇಟ್ಟರೆ, ಮಳೆ ಬಿದ್ದೊಡನೆ ಗೌಂಡಿ, ಬಿಗಾರಿಗಳಲ್ಲಿ ಹೊಲವಿರುವವರು ಬಿತ್ತನೆಗೆ ಊರಿಗೆ ಹೋಗಿರುತ್ತಾರೆ. ಹಿಂಗಾರಿ ಜೋಳದ ಸೀಮೆಯವರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಹೋಗುತ್ತಾರೆ. ಶೆಡ್ಡು ತುಂಬುವುದು ದೀಪಾವಳಿಯ ನಂತರ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಸೆಮಿಸ್ಟರಿಗೆ ಇದನ್ನು ಇಟ್ಟರೆ ಜನವೂ ಸಿಗುತ್ತಾರೆ, ನೋಟ್‌ಬುಕ್ಕಿನಲ್ಲಿ 90 ದಿನ ತುಂಬಲು ಅವಧಿಯೂ ಸಿಗುತ್ತದೆ. ವೇಳಾಪಟ್ಟಿ ಹಾಕುವವರು ಅದಕ್ಕೂ ಮುಂಚೆ ಸೈಟಿನ ಒಬ್ಬ ಮುಕಾದಮನಿಗೆ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.